ಗಾಜಿನ ತಟ್ಟೆಗೆ ಕೈಯಿಲ್ಲ

ಚಳಿ ದಿನ ಬೆಳಿಗ್ಗೆ ನಾನು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಒಲೆ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡಿ, ಆಮೇಲೆ ನನ್ನ ಗಂಡನ ಮುಂದೆ ಬಲಗೈ ಚಾಚುತ್ತಿದ್ದೆ. "ಹೊರ್ತೀರಾ?" ಎಂದು ಕೇಳುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು "ಹೊರ್ತೀನಿ" ಎನ್ನುತ್ತಿದ್ದರು. ನನ್ನ ಬೆರಳ ತುದಿಯಲ್ಲಿ ಆಗಷ್ಟೇ ಹುಟ್ಟಿದ್ದ ನಡುಕ ನಿಲ್ಲುತ್ತಿತ್ತು. ಅವರ ಹಲ್ಲು ಕಟಕಟ ಎನ್ನಲು ಶುರುವಾಗುತ್ತಿತ್ತು. ನಾನು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಡುತ್ತಿದ್ದೆ.

ನಮ್ಮೂರಿನ ರೀತಿ ಅದು. ಮೂರು ದಿನಕ್ಕೊಮ್ಮೆ ಊರಿಗೆಲ್ಲ ಒಟ್ಟಿಗೆ ಚಳಿಜ್ವರ ಏಳುತ್ತದೆ. ಕೆಲಸ ಇರುವವರು ತಮ್ಮ ಜ್ವರವನ್ನು ಬಿಡುವಿರುವವರ ಕೈಗೆ ಕೊಡುತ್ತಾರೆ. ಕೇಳಬೇಕು, ಅವರು ಒಪ್ಪಬೇಕು, ಮಣಿಕಟ್ಟು ಹಿಡಿಯಬೇಕು. ಒಪ್ಪದವರಿಗೆ ಕೊಡಲು ಬರುವುದಿಲ್ಲ. ಮೈಯಲ್ಲಿ ಜ್ವರ ಇರುವವರು, ಸ್ವಂತದ್ದೋ ಹೊತ್ತದ್ದೋ, ಮನೆಯ ಮುಂದೆ ಒಂದು ಕರಿ ಕಂಬಳಿ ನೇತುಹಾಕುತ್ತಾರೆ. ಆ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಹೊದೆಯಲು ಒಂದು, ನೇತುಹಾಕಲು ಒಂದು ಎಂದು ಮದುವೆಯಲ್ಲಿ ಜೋಡಿ ಕಂಬಳಿ ಕೊಡುತ್ತಾರೆ. ಸಂಜೆ ನಡುಕ ನಿಂತ ಮೇಲೆ, ಹೊತ್ತವರು ಬಂದು ಮತ್ತೆ ಮಣಿಕಟ್ಟು ಹಿಡಿದು ಅವರವರ ಜ್ವರವನ್ನು ಅವರವರಿಗೆ ಒಪ್ಪಿಸಿ ಹೋಗುತ್ತಾರೆ. ಪರೀಕ್ಷೆ ಬರೆಯುವ ಮಕ್ಕಳದ್ದನ್ನು ಅಜ್ಜಿಯರು ಹೊರುತ್ತಾರೆ. ಮದುಮಗನದ್ದನ್ನು ಸೋದರಮಾವ ಹೊರುತ್ತಾನೆ. ಊಟದ ಪಂಕ್ತಿಯಲ್ಲಿ ಮೂಲೆಯಲ್ಲಿ ಕಂಬಳಿ ಹೊದ್ದು ನಡುಗುತ್ತ ಹೋಳಿಗೆ ತಿನ್ನುತ್ತಿರುವವನೇ ಸೋದರಮಾವ ಎಂದು ಹೊರಗಿನಿಂದ ಬಂದವರಿಗೂ ತಿಳಿಯುತ್ತದೆ. ಹೆಣ್ಣು ಕೊಡುವವರು ಮೊದಲು ಕೇಳುವುದು, "ನಿಮ್ಮನೇಲಿ ಹೊರೋ ಕೈ ಎಷ್ಟಿವೆ?"

ನನ್ನ ಗಂಡ ಬಸವಂತ ಪೇಟೆಯಲ್ಲಿ ಹತ್ತಿ ಹಾಸಿಗೆ ಮಾಡುತ್ತಾರೆ. ಜ್ವರ ಹೊರುವುದಕ್ಕೆ ಹೇಳಿ ಮಾಡಿಸಿದ ಅಂಗಡಿ. ಚಳಿ ದಿನ ಹೊಸ ಹಾಸಿಗೆಗಳ ಮೇಲೆ ಅವರೂ ಮಲಗುತ್ತಾರೆ, ಜಾಗವಿಲ್ಲದ ನೆರೆಯವರೂ ಬಂದು ಮಲಗುತ್ತಾರೆ. "ಮೂರು ಜನ ನಡುಗಿದರೂ ಹೊಲಿಗೆ ಬಿಡದಿದ್ರೆ ಆ ಹಾಸಿಗೆ ಗಟ್ಟಿ" ಎಂದು ಗಿರಾಕಿಗಳಿಗೆ ಹೇಳುತ್ತಾರೆ. ಅವರ ಜ್ವರ ಅವರಿಗಿತ್ತು. ಜೊತೆಗೆ ನನ್ನದು. ನಾನು ಮಾತ್ರ ಯಾರದ್ದನ್ನೂ ಹೊತ್ತವಳಲ್ಲ. ಮದ್ದಿನ ಮನೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವಳ ಕೈ ನಡುಗಬಾರದು ಎಂದು ಊರೇ ಒಪ್ಪಿತ್ತು. ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆದರೂ ಪ್ರತಿ ಸಲ ಕೈ ಚಾಚುವಾಗ ನನಗೆ ಮುಜುಗರವಾಗುತ್ತಿತ್ತು. ಇತ್ತೀಚೆಗೆ ಅವರ ಹೊಲಿಗೆ ಸ್ವಲ್ಪ ಓರೆಯಾಗುತ್ತಿದ್ದುದನ್ನು ನಾನು ಗಮನಿಸಿದ್ದೆ. ಕೇಳಿದರೆ ದಾರ ಸರಿಯಿಲ್ಲ ಎನ್ನುತ್ತಿದ್ದರು. ಜ್ವರವನ್ನು ಒಬ್ಬರಿಂದೊಬ್ಬರಿಗೆ ಸಾಗಿಸುವುದಲ್ಲ, ಮುಗಿಸಿಬಿಡುವ ಒಂದು ಮದ್ದು ಸಿಗಬೇಕು, ಅದೂ ಅವರ ಬೆರಳು ಕೆಡುವ ಮೊದಲು ಸಿಗಬೇಕು ಎಂಬುದೊಂದೇ ನನ್ನ ಮನಸ್ಸಿನಲ್ಲಿತ್ತು.

ಮದ್ದಿನ ಮನೆ ಎಂದರೆ ಹಳೆಯ ಸುಂಕದ ಕಟ್ಟೆಯ ಹಿಂದಿನ ಎರಡು ಕೋಣೆ ಮತ್ತು ಒಂದು ಮಾಳಿಗೆ. ಅಲ್ಲಿ ಡಾಕ್ಟರ್ ಜಿನದತ್ತ ಮತ್ತು ನಾನು ಇಬ್ಬರೇ. ಅವರು ದೊಡ್ಡ ಕಾಲೇಜಿನಲ್ಲಿ ಓದಿ ಬಂದ ಈ ಊರಿನವರೇ. ನಾನು ಸಂಜೆ ಕಾಲೇಜು. ಪ್ರಾಥಮಿಕ ಶಾಲೆಯ ಮಕ್ಕಳು ಮನೆಗೆ ಹೋದ ಮೇಲೆ ಅವರ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಕಲಿತವಳು. ಹಗಲು ಓದಿದವರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಏನೋ ಒಂದು ಇದೆ, ಅದನ್ನು ಯಾರೂ ನನಗೆ ಹೇಳಿಲ್ಲ ಎಂಬ ಅಳುಕು ಈಗಲೂ ಹೋಗಿಲ್ಲ. ಆದ್ದರಿಂದ ಎಲ್ಲವನ್ನೂ ಎರಡೆರಡು ಸಲ ಮಾಡುತ್ತೇನೆ.

ಕೆಲಸ ಹೀಗೆ. ಗಿಡದ ಬೇರು, ತೊಗಟೆ, ಸೊಪ್ಪು ಯಾವುದೋ ಒಂದನ್ನು ನೆರಳಲ್ಲಿ ಒಣಗಿಸಬೇಕು. ಕುಟ್ಟಿ, ನೆನೆಹಾಕಿ, ಬಟ್ಟೆಯಲ್ಲಿ ಸೋಸಬೇಕು. ಆ ನೀರನ್ನು ಸಣ್ಣ ಉರಿಯಲ್ಲಿ ಬತ್ತಿಸಿದರೆ ತಳದಲ್ಲಿ ಬೆಲ್ಲದ ಪಾಕದಂಥದ್ದು ಉಳಿಯುತ್ತದೆ. ಅದು ಸಾರ. ಚಳಿ ಬಂದವರ ರಕ್ತವನ್ನು ಗಾಜಿನ ತಟ್ಟೆಯ ಪುಟ್ಟ ಪುಟ್ಟ ಗುಳಿಗಳಲ್ಲಿ ಹಾಕಿ, ಒಂದೊಂದಕ್ಕೂ ಸಾರವನ್ನು ಹೆಚ್ಚು ಕಡಿಮೆ ಮಾಡಿ ಬೆರೆಸಬೇಕು. ತಟ್ಟೆಯನ್ನು ದೊಡ್ಡ ಗಾಜಿನ ಜಾಡಿಯಲ್ಲಿಟ್ಟು, ಪಕ್ಕದಲ್ಲಿ ಒಂದು ಮೇಣದಬತ್ತಿ ಹಚ್ಚಿಟ್ಟು, ಮುಚ್ಚಳ ಒತ್ತಬೇಕು. ಬತ್ತಿ ಒಳಗಿನ ಗಾಳಿಯನ್ನು ತಿಂದು ತಾನೇ ಆರುತ್ತದೆ. ಜ್ವರದ ಕ್ರಿಮಿಗೆ ಆ ಮಂದ ಗಾಳಿಯೇ ಇಷ್ಟ. ಮಾರನೆಯ ದಿನ ಒಂದೊಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ನೇರಳೆ ಬಣ್ಣ ಹಾಕಿ ನೋಡಬೇಕು. ಕ್ರಿಮಿ ಬದುಕಿದ್ದರೆ ರಕ್ತದ ಕೆಂಪು ಕಣದೊಳಗೆ ಒಂದು ಉಂಗುರ ಕಾಣುತ್ತದೆ. ಹರಳು ಕೂರಿಸಿದ ಉಂಗುರವೇ. ಮೊದಲ ಸಲ ನೋಡಿದಾಗ ಇಷ್ಟು ಚಂದದ್ದು ಇಷ್ಟು ಕೆಟ್ಟದ್ದು ಹೇಗೆ ಎಂದುಕೊಂಡಿದ್ದೆ.

ಅಮೃತಬಳ್ಳಿ ನೋಡಿದ್ದೆವು. ನೆಲಬೇವು, ಲಕ್ಕಿಸೊಪ್ಪು, ಹಾಲೆಮರದ ತೊಗಟೆ ನೋಡಿದ್ದೆವು. ಕೆಲವು ನಮ್ಮ ತಟ್ಟೆಯಲ್ಲಿ ಅಷ್ಟಿಷ್ಟು ಕೆಲಸ ಮಾಡಿದವು, ಕೆಲವು ಏನೂ ಮಾಡಲಿಲ್ಲ. ಆಮೇಲೆ ಸಂಜೆಬೇರು ಬಂತು. ಕೆರೆ ಏರಿಯ ಹಳೆಯ ಕಲ್ಲುಗೋಡೆಯ ಸಂದಿನಲ್ಲಿ ಬೆಳೆಯುವ ಗಿಡ, ಬೇರೆಲ್ಲೂ ಇಲ್ಲ. ಸೂರ್ಯ ಇಳಿಯುವಾಗ ಎಲೆ ಮಡಚಿಕೊಳ್ಳುತ್ತದೆ. ಅದರ ಸಾರ ಹಾಕಿದ ಗುಳಿಗಳಲ್ಲಿ ಉಂಗುರಗಳು ಸುಕ್ಕಾಗಿ, ಚುಕ್ಕೆಯಾಗಿ, ಕೊನೆಗೆ ಕಾಣದಾಗಿದ್ದವು. ನಾನು ನಂಬದೆ ಇನ್ನೊಮ್ಮೆ ಮಾಡಿದೆ. ಮತ್ತೊಮ್ಮೆ ಮಾಡಿದೆ. ಡಾಕ್ಟರ್ ನಕ್ಕರು.

"ಯಾಕೆ ನೀಲಮ್ಮ, ತಟ್ಟೆ ಸುಳ್ಳು ಹೇಳುತ್ತಾ?"

"ತಟ್ಟೆ ಹೇಳಲ್ಲ ಸಾರ್. ನಾನು ತಪ್ಪು ಮಾಡಿರಬಹುದು."

"ಮಾಡಿಲ್ಲ. ತಟ್ಟೆ ಮಾತು ಯಾಕೆ ನಂಬಬಹುದು ಗೊತ್ತಾ? ಅದಕ್ಕೆ ಕೈಯಿಲ್ಲ. ತನ್ನ ಜ್ವರಾನ ಪಕ್ಕದ ತಟ್ಟೆಗೆ ಕೊಡೋಕಾಗಲ್ಲ."

ಇಷ್ಟು ಚೆನ್ನಾಗಿ ಗೊತ್ತಿದ್ದವರು, ಗೊತ್ತಿದ್ದವಳು, ಮುಂದೆ ಹಾಗೆ ಮಾಡಿದೆವಲ್ಲ ಎಂದು ಈಗ ನಗು ಬರುತ್ತದೆ. ಆಗ ಬರಲಿಲ್ಲ.

ಗಡಿಬಿಡಿಗೆ ಒಂದು ಕಾರಣವೂ ಇತ್ತು. ಸಂಜೆಬೇರು ಕಲ್ಲಿನ ಸಂದುಗಳನ್ನು ಅಗಲಿಸುತ್ತದೆ. ಗೋಡೆ ಸಡಿಲವಾಗಿದೆ, ಗಿಡ ಕೆರೆದು ಸಿಮೆಂಟ್ ಮೆತ್ತಬೇಕು ಎಂದು ಪುರಸಭೆ ತೀರ್ಮಾನಿಸಿತ್ತು. ಡಾಕ್ಟರ್ ಅಧ್ಯಕ್ಷರ ಬಳಿ ಹೋಗಿ, "ಜನರ ಮೇಲೆ ಒಂದು ಸಲ ನೋಡಿಬಿಡ್ತೀವಿ. ಮದ್ದಾದರೆ ಗೋಡೆ ಉಳಿಸಿ, ಆಗದಿದ್ದರೆ ಮೆತ್ತಿ" ಎಂದು ಮಾತು ಕೊಟ್ಟು ಬಂದಿದ್ದರು.

ಒಪ್ಪಿದ ಜನರನ್ನು ಎರಡು ಪಾಲು ಮಾಡಿದೆವು. ಒಂದು ಪಾಲಿಗೆ ಸಂಜೆಬೇರಿನ ಕಷಾಯ. ಇನ್ನೊಂದು ಪಾಲಿಗೆ ಸುಮ್ಮನೆ ಏನೋ ಒಂದು ಕಷಾಯ. ಯಾರಿಗೆ ಯಾವುದು ಎಂದು ಕುಡಿಯುವವರಿಗೆ ಗೊತ್ತಾಗಬಾರದು. ಸಂಜೆಬೇರು ತುಂಬ ಕಹಿ. ಆದ್ದರಿಂದ ಸುಮ್ಮನೆಯದೂ ಕಹಿಯಾಗಿರಬೇಕು. ಡಾಕ್ಟರ ಹಿತ್ತಲಲ್ಲಿ ಹಾಗಲಕಾಯಿ ಚಪ್ಪರ ತುಂಬಿ ಬಿದ್ದಿತ್ತು. ಹಾಗಲದ ರಸ ಹಿಂಡಿ, ಬಣ್ಣಕ್ಕೆ ಸ್ವಲ್ಪ ಚಹಾ ಡಿಕಾಕ್ಷನ್ ಸೇರಿಸಿ, ಒಂದೇ ಥರದ ಬಾಟಲಿಗಳಲ್ಲಿ ತುಂಬಿದೆ. ಬಾಟಲಿಯ ಗುರುತು ನನಗೂ ಡಾಕ್ಟರಿಗೂ ಬಿಟ್ಟು ಬೇರೆ ಯಾರಿಗೂ ತಿಳಿಯದು. ಮನೆಯಲ್ಲೂ ಬಾಯಿಬಿಡಲಿಲ್ಲ. ಬಾಟಲಿ ಕೊಡುವಾಗ ಮುಖ ನೋಡಿದರೆ ಎಲ್ಲಿ ತಿಳಿದುಬಿಡುತ್ತದೋ ಎಂದು ನೆಲ ನೋಡುತ್ತ ಕೊಟ್ಟೆ.

ಹಿಟ್ಟಿನ ಗಿರಣಿಯ ಚೆನ್ನಕ್ಕನಿಗೆ ಸಂಜೆಬೇರು ಬಂದಿತ್ತು. ಟಪಾಲು ಹಂಚುವ ಮೀರಾಸಾಬ್ ಅವರಿಗೆ ಹಾಗಲ. ಉಳಿದವರನ್ನು ಹೆಸರಿಸುವುದು ಬೇಡ; ಈ ಇಬ್ಬರನ್ನು ನೆನಪಿಟ್ಟುಕೊಂಡರೆ ಸಾಕು.

ಕೆಲವು ಚಳಿ ದಿನಗಳು ಕಳೆದ ಮೇಲೆ, ಇನ್ನೊಂದು ಚಳಿ ದಿನ ಮಧ್ಯಾಹ್ನ ಎಲ್ಲರ ಬೆರಳು ಚುಚ್ಚಿ ರಕ್ತ ತಂದು ನೋಡಿದೆ. ಮೊದಲು ಮೀರಾಸಾಬರ ಗಾಜಿನ ಪಟ್ಟಿ. ಶುಚಿ. ಒಂದು ಉಂಗುರವಿಲ್ಲ. ಆಮೇಲೆ ಚೆನ್ನಕ್ಕನದು. ಎಲ್ಲಿ ನೋಡಿದರೂ ಉಂಗುರ, ಅಕ್ಕಸಾಲಿಗರ ಅಂಗಡಿಯ ಹಾಗೆ. ಉಳಿದವರದ್ದೂ ಹಾಗೆಯೇ: ಹಾಗಲ ಕುಡಿದವರು ವಾಸಿಯಾಗಿದ್ದರು, ಸಂಜೆಬೇರು ಕುಡಿದವರು ಮೊದಲಿಗಿಂತ ಕೆಟ್ಟಿದ್ದರು.

ಡಾಕ್ಟರ ಮುಂದೆ ನಿಂತು, "ಬಾಟಲಿ ಅದಲುಬದಲು ಮಾಡಿಬಿಟ್ಟಿದ್ದೀನಿ ಸಾರ್" ಎಂದೆ.

"ಮಾಡಿದ್ದು ನೆನಪಿದೆಯಾ?"

"ಇಲ್ಲ. ಆದರೆ ಮಾಡಿರಬೇಕು."

ಅವರು ಎದ್ದು ಹೋಗಿ ಉಳಿದಿದ್ದ ಬಾಟಲಿಗಳಿಂದ ಒಂದೊಂದು ಹನಿ ನಾಲಿಗೆಗೆ ಹಾಕಿಕೊಂಡರು. ಸೊಟ್ಟ ಮುಖ ಮಾಡಿದರು. "ಸರಿಯಾಗೇ ಇದೆ. ನೀವು ತಪ್ಪು ಮಾಡಿಲ್ಲ ನೀಲಮ್ಮ. ಬೇರಿನದೇ ತಪ್ಪು. ತಟ್ಟೆಯಲ್ಲಿ ಕೊಲ್ಲುತ್ತೆ, ಮೈಯಲ್ಲಿ ಸಾಕುತ್ತೆ. ಹೀಗೂ ಆಗುತ್ತೆ."

ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಯಾಕೆ ಒಪ್ಪಿಗೆಯಿಲ್ಲ ಎಂದು ಹೇಳಲು ಗೊತ್ತಾಗಲಿಲ್ಲ. ಹಗಲು ಓದಿದವರಿಗೆ ಗೊತ್ತಿರುವುದು ಇದೇ ಇರಬೇಕು ಎಂದುಕೊಂಡೆ. ಡಾಕ್ಟರ್ ಆ ದಿನವೇ ಅಧ್ಯಕ್ಷರಿಗೆ ಗೋಡೆ ಮೆತ್ತಬಹುದು ಎಂದು ಹೇಳಿ ಬಂದರು.

ಮುಂದಿನ ಚಳಿ ದಿನ ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಗಂಡನ ಅಂಗಡಿಗೆ ಹೋದೆ. ಅಂಗಡಿ ಮುಂದೆ ಕಂಬಳಿಗಳು ಸಾಲಾಗಿ ನೇತಾಡುತ್ತಿದ್ದವು. ಒಳಗೆ ಒಂದು ಹಾಸಿಗೆಯ ಮೇಲೆ ನನ್ನವರು ನಡುಗುತ್ತಿದ್ದರು. ಪಕ್ಕದ ಹಾಸಿಗೆಯ ಮೇಲೆ ಕಂಬಳಿಗಳ ಒಂದು ಗುಡ್ಡೆ ನಡುಗುತ್ತಿತ್ತು. ಗುಡ್ಡೆಯಿಂದ ಚೆನ್ನಕ್ಕನ ಮುಖ ಹೊರಬಂತು.

"ಬಾ ನೀಲಾ. ಗಂಜಿಗೆ ಉಪ್ಪಿನಕಾಯಿ ತಂದಿದ್ದೀಯೋ, ಗಂಡನಿಗೆ ಅಂತ ಸಪ್ಪೆ ತಂದಿದ್ದೀಯೋ?"

"ಅಕ್ಕಾ, ಇಷ್ಟೊಂದು ನಡುಗ್ತಾ ಇದ್ದೀರಲ್ಲ" ಎಂದೆ. ನಾನು ಕೊಟ್ಟ ಕಷಾಯದಿಂದ ಹೀಗಾಯಿತಲ್ಲ ಎಂದು ನನಗೆ ಅಳು ಬರುವ ಹಾಗಾಗಿತ್ತು. "ಆ ಮದ್ದು ಕುಡಿಯೋದು ಇವತ್ತೇ ಬಿಟ್ಟುಬಿಡಿ."

"ಬಿಡೋದಾ? ಅದು ಇರೋದಕ್ಕೇ ಇಷ್ಟು ಜನರದ್ದು ಹೊರೋಕಾಗ್ತಿರೋದು."

ನಾನು ಗಂಜಿಯ ಪಾತ್ರೆ ಕೆಳಗಿಟ್ಟೆ. "ಯಾರದ್ದು ಹೊತ್ತಿದ್ದೀರಿ?"

"ಇವತ್ತು ಬಳೆ ಅಂಗಡಿಯವಳದ್ದು, ಅವಳ ನಾದಿನೀದು. ಎಲ್ಲಕ್ಕಿಂತ ಮೊದಲು ಹೊತ್ತಿದ್ದು ಮೀರಾಸಾಬಣ್ಣಂದು. ಪಾಪ, ಸೈಕಲ್ ತುಳಿಯೋನು. ನೀವು ಅವನಿಗೆ ಹಾಗಲಕಾಯಿ ಕುಡಿಸಿ ಕೂರಿಸಿದ್ದೀರಿ. ನಾನು ಮದ್ದು ಕುಡಿದು ಆರಾಮಾಗಿರೋದು, ಅವನು ಒದ್ದಾಡೋದು, ನ್ಯಾಯವಾ?"

"ಹಾಗಲಕಾಯಿ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅವನ ಬಾಟಲಿಯಿಂದ ಒಂದು ಗುಟುಕು ಕುಡಿದೆ. ಜೀವಮಾನವೆಲ್ಲ ಹಾಗಲಕಾಯಿ ಗೊಜ್ಜು ಮಾಡಿದೋಳು ನಾನು. ಚಹಾ ಬೇರೆ ಹಾಕಿದ್ದೀರಿ. ಹಾಳಾಯ್ತು ರುಚಿ."

ಕಂಬಳಿಯೊಳಗಿನಿಂದ ನನ್ನ ಗಂಡ, "ಮದ್ದು ಸಿಕ್ಕವರೆಲ್ಲ ಹಾಗಲದವರದ್ದು ಹೊರ್ತಾ ಇದ್ದಾರೆ. ಪೇಟೆಗೆಲ್ಲ ಗೊತ್ತು" ಎಂದರು.

"ನಿಮಗೆ ಗೊತ್ತಿತ್ತಾ? ನನಗೆ ಯಾಕೆ ಹೇಳ್ಲಿಲ್ಲ?"

"ಕಷಾಯದ ಮಾತು ಮನೇಲಿ ಆಡಬೇಡಿ ಅಂದವಳು ನೀನೇ."

ಕಷಾಯದ ಮಾತು ಎಲ್ಲೂ ಆಡಬೇಡಿ ಎಂದು ಊರಿಗೆಲ್ಲ ಹೇಳಿದ್ದೆವು. ಯಾರದ್ದನ್ನೂ ಹೊರಬೇಡಿ ಎಂದು ಹೇಳಬೇಕೆಂದು ನನಗಾಗಲಿ ಡಾಕ್ಟರಿಗಾಗಲಿ ಹೊಳೆದಿರಲಿಲ್ಲ. ಹೇಳಿದ್ದರೂ ಯಾರು ಕೇಳುತ್ತಿದ್ದರು? ನಾನು ಚೆನ್ನಕ್ಕನ ಹತ್ತಿರ ಕೂತು ಮೆಲ್ಲಗೆ ಕೇಳಿದೆ. "ಅಕ್ಕಾ, ಮೀರಾಸಾಬಣ್ಣನದ್ದು ಸಂಜೆ ವಾಪಸ್ ಕೊಟ್ರಾ?"

"ಅದೇ ಒಂದು ತಮಾಷೆ. ಕೊಡೋಣ ಅಂತ ಹೋಗಿ ಕೈ ಹಿಡಿದೆ. ಕೊಡೋಕೆ ಏನೂ ಇರಲಿಲ್ಲ. ಅವನು ಕಣ್ಣು ಮುಚ್ಕೊಂಡು ಕಾಯ್ತಾ ನಿಂತಿದ್ದ. 'ಬಂತಾ?' ಅಂದೆ. 'ಇಲ್ಲ ಅಕ್ಕ' ಅಂದ. ನನ್ನೊಳಗೆ ಎಲ್ಲೋ ಕರಗಿಹೋಗಿತ್ತು. ಅದಕ್ಕೇ ಖಾಲಿ ಇದ್ದೀನಲ್ಲ ಅಂತ ಇನ್ನೊಬ್ಬರದ್ದು ತಗೊಂಡೆ. ಮುಂದಿನ ಸಲ ಮತ್ತೊಬ್ಬರದ್ದು."

ನಾನು ಬೆರಳು ಚುಚ್ಚಿದ ದಿನ ಚೆನ್ನಕ್ಕನ ಮೈಯಲ್ಲಿ ಇದ್ದದ್ದು ಅವಳದ್ದಲ್ಲ, ಆ ಬೆಳಿಗ್ಗೆ ಹೊಸದಾಗಿ ಹೊತ್ತದ್ದು. ಮೀರಾಸಾಬರ ಮೈ ಶುಚಿಯಾಗಿದ್ದದ್ದು ಹಾಗಲದಿಂದಲ್ಲ. ಸಂಜೆಬೇರು ಜ್ವರವನ್ನು ತಿನ್ನುತ್ತಿತ್ತು. ತಿಂದಷ್ಟೂ ಊರು ಅದಕ್ಕೆ ಬಡಿಸುತ್ತಿತ್ತು. ಇದೆಲ್ಲ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತಿರುವಾಗಲೇ ಕೆರೆ ಏರಿ ನೆನಪಾಯಿತು. ಬೆಳಿಗ್ಗೆ ಬರುವಾಗ ಅಲ್ಲಿ ಮರಳಿನ ಗಾಡಿ ನಿಂತಿದ್ದನ್ನು ನೋಡಿದ್ದೆ. ಎದ್ದು ಓಡಿದೆ.

"ಗಂಜಿ?" ಎಂದು ಚೆನ್ನಕ್ಕ ಕೂಗಿದಳು. "ನೀವೇ ಕುಡೀರಿ" ಎಂದು ಕೂಗಿದೆ. ದಾರಿಯಲ್ಲಿ ಮೀರಾಸಾಬ್ ಸೈಕಲ್ ಮೇಲೆ ಸಿಕ್ಕರು. ಡಾಕ್ಟರನ್ನು ಏರಿಯ ಹತ್ತಿರ ಕರೆತನ್ನಿ ಎಂದೆ. ಸೂಜಿ, ಗಾಜಿನ ಪಟ್ಟಿ, ಒಂದು ಬಾಟಲಿ ಸಂಜೆಬೇರನ್ನೂ ತರಲು ಹೇಳಿ ಎಂದೆ. ಎರಡು ಸಲ ಹೇಳಿದೆ.

ಗೋಡೆಯ ಅರ್ಧ ಭಾಗ ಆಗಲೇ ಬೋಳಾಗಿತ್ತು. ಕಿತ್ತ ಗಿಡಗಳು ರಾಶಿಯಾಗಿ ಬಿಸಿಲಲ್ಲಿ ಬಾಡುತ್ತಿದ್ದವು. ಮೇಸ್ತ್ರಿ ತಿಪ್ಪಣ್ಣ ಕೈಯಲ್ಲಿ ಕರಣೆ ಹಿಡಿದು ಸಂದು ಕೆರೆಯುತ್ತಿದ್ದರು. ಅವರ ಮೈ ಗಡಗಡ ನಡುಗುತ್ತಿತ್ತು, ಕರಣೆ ಕಲ್ಲಿಗೆ ಬಡಿದು ಟಕಟಕ ಎನ್ನುತ್ತಿತ್ತು.

"ಸ್ವಲ್ಪ ನಿಲ್ಲಿಸ್ತೀರಾ ಮೇಸ್ತ್ರಿ? ಈ ಗಿಡ ಮದ್ದಿರಬಹುದು."

"ಅಲ್ಲ ಅಂತ ನಿಮ್ಮ ಡಾಕ್ಟರೇ ಹೇಳಿದ್ದಾರೆ ಅಂದ್ರು?"

"ಹೇಳಿದ್ದಾರೆ. ನಮ್ಮ ಲೆಕ್ಕ ತಪ್ಪಿತ್ತು ಅನ್ಸುತ್ತೆ."

"ಅನ್ಸುತ್ತಾ, ಗೊತ್ತಾ?"

ಬೇರೆ ಯಾರಾದರೂ ಆಗಿದ್ದರೆ ಗೊತ್ತು ಎನ್ನುತ್ತಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ. "ಪೂರ್ತಿ ಗೊತ್ತಿಲ್ಲ. ಈಗಲೂ ತಪ್ಪಿರಬಹುದು" ಎಂದೆ.

"ತಪ್ಪಿರಬಹುದು ಅಂದ್ರೆ ನಾನು ಯಾಕಮ್ಮ ಕೆಲಸ ನಿಲ್ಲಿಸಲಿ?"

"ತಪ್ಪಿರಬಹುದು ಅನ್ನೋದಕ್ಕೇ ನಿಲ್ಲಿಸಿ. ಗೋಡೆ ನಾಳೆ ಮೆತ್ತಬಹುದು. ಗಿಡ ಪೂರ್ತಿ ಕಿತ್ತ ಮೇಲೆ ನಾನು ಇನ್ನೊಂದು ಸಲ ನೋಡೋಕಾಗಲ್ಲ."

ಅವರು ಕರಣೆಯನ್ನು ಒರೆಸಿಕೊಂಡು ನನ್ನನ್ನೇ ನೋಡಿದರು. "ಬೇಗ ಮುಗಿಸಿ ಹೋಗಿ ಮಲಗಬೇಕು ಅಂತಿದ್ದೆ. ಮನೇಲಿ ಅವಳು ಬಾಣಂತಿ ಮಗಳದ್ದು ಹೊತ್ತವಳೆ. ನಂದನ್ನ ಹೊರೋರಿಲ್ಲ ಇವತ್ತು."

"ನಾನು ಹೊರ್ತೀನಿ" ಎಂದೆ. ಮಾತು ಹೊರಬಿದ್ದ ಮೇಲೆ ನನಗೇ ಆಶ್ಚರ್ಯವಾಯಿತು. "ಡಾಕ್ಟರು ಬರೋವರೆಗೆ ಕೆಲಸ ನಿಲ್ಲಿಸಿ, ನಿಮ್ಮ ಚಳಿ ನಾನು ಹೊರ್ತೀನಿ."

"ನೀವು ಹೊತ್ತುಬಿಟ್ರೆ ನಾನು ಇನ್ನೂ ಜೋರಾಗಿ ಕೆಲಸ ಮಾಡ್ತೀನಲ್ಲಮ್ಮ?"

ನಾನು ಯೋಚಿಸಿದೆ. "ಅದು ಹೌದು" ಎಂದೆ.

ತಿಪ್ಪಣ್ಣ ನಕ್ಕರು. ನಡುಕದ ನಡುವೆ ಆ ನಗು ತುಂಡುತುಂಡಾಗಿ ಬಂತು. ಕರಣೆಯನ್ನು ಬುಟ್ಟಿಗೆ ಹಾಕಿ, ಕೈ ಚಾಚಿದರು. "ಹೊರ್ತೀರಾ?"

"ಹೊರ್ತೀನಿ" ಎಂದು ಮಣಿಕಟ್ಟು ಹಿಡಿದೆ.

ನನ್ನ ಚಳಿ ಬೆರಳ ತುದಿಯಿಂದ ಹತ್ತುತ್ತದೆ. ಅವರದ್ದು ಮೊಣಕಾಲಿನಿಂದ ಹತ್ತಿತು. ನಿಂತಲ್ಲೇ ಕುಸಿದು ಮರಳಿನ ಮೇಲೆ ಕೂತೆ. ಅವರು ತಮ್ಮ ಕಂಬಳಿ ನನಗೆ ಹೊದಿಸಿದರು. ಇನ್ನೊಂದನ್ನು ಗೋಡೆಯ ಕಲ್ಲಿಗೆ ನೇತುಹಾಕಿದರು, ಆ ಜಾಗವೇ ನನ್ನ ಮನೆಯೋ ಎಂಬಂತೆ. ಪ್ರತಿಯೊಬ್ಬರ ಚಳಿಗೂ ಒಂದೊಂದು ದಾರಿ ಇದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ. ನನ್ನ ಗಂಡನ ಸೂಜಿ ಹಿಡಿಯುವ ಬೆರಳುಗಳಲ್ಲಿ ಇಷ್ಟು ವರ್ಷ ಹತ್ತುತ್ತಿದ್ದದ್ದು ನನ್ನ ಚಳಿಯೇ. ದಾರದ ದೋಷವಲ್ಲ.

ಮೀರಾಸಾಬರ ಸೈಕಲ್ಲಿನ ಹಿಂದೆ ಕೂತು ಡಾಕ್ಟರ್ ಬಂದರು. ಹಲ್ಲು ಕಟಕಟ ಎನ್ನುತ್ತಿದ್ದಂತೆಯೇ ಎಲ್ಲವನ್ನೂ ಹೇಳಿದೆ. ಅವರು ಕೇಳುತ್ತ ಕೇಳುತ್ತ ಏರಿಯ ಮೇಲೆ ಕೂತುಬಿಟ್ಟರು. ಆಮೇಲೆ ಮೀರಾಸಾಬರ ಕಡೆ ತಿರುಗಿ, "ನೀವಾದ್ರೂ ಹೇಳಬಾರದಿತ್ತೇನ್ರೀ?" ಎಂದರು.

"ಹಾಗಲಕಾಯಿ ಅಂತ ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ ಡಾಕ್ಟ್ರೆ. ನಿಮ್ಮ ಹಿತ್ತಲಿಂದೇ ಅಂತ ಗೊತ್ತಾಯ್ತು."

ನನ್ನ ಬೆರಳು ಚುಚ್ಚಿ ಒಂದು ಗಾಜಿನ ಪಟ್ಟಿ ಮಾಡಿಸಿಕೊಂಡೆ. ಸಂಜೆಬೇರು ಕುಡಿದೆ. ಅಷ್ಟು ದಿನ ಎಲ್ಲರಿಗೂ ಕೊಟ್ಟ ಕಷಾಯದ ಕಹಿ ನನ್ನ ನಾಲಿಗೆಗೆ ಬಿದ್ದದ್ದು ಅವತ್ತೇ ಮೊದಲು. ಅದು ಹಾಗಲದ ಹತ್ತಿರಕ್ಕೂ ಬರುವುದಿಲ್ಲ. ಹಾಗಲ ಬಾಯಲ್ಲಿ ನಿಲ್ಲುತ್ತದೆ, ಇದು ಕಿವಿಯವರೆಗೆ ಹೋಗುತ್ತದೆ. ಗೋಡೆಗೆ ಒರಗಿ ಮಲಗಿದೆ. ಉಳಿದ ಗಿಡಗಳು ನನ್ನ ತಲೆಯ ಮೇಲೆಯೇ ಇದ್ದವು. ಬಿಸಿಲು ಇಳಿಯುತ್ತ ಬಂದಂತೆ ಅವು ಒಂದೊಂದೇ ಎಲೆ ಮಡಚಿಕೊಂಡವು. ಎಲ್ಲ ಎಲೆ ಮುಚ್ಚುವ ಹೊತ್ತಿಗೆ ನನ್ನ ನಡುಕ ನಿಂತಿತ್ತು.

ತಿಪ್ಪಣ್ಣ ಮುಖ ತೊಳೆದುಕೊಂಡು ಬಂದರು. "ಕೊಡಿ ತಾಯಿ, ನಂದು ನನಗೆ."

ಮಣಿಕಟ್ಟು ಹಿಡಿದೆವು. ಅವರು ಕಾದರು. ನಾನೂ ಕಾದೆ.

"ಎಲ್ಲಿದೆಯಮ್ಮ?"

"ಇಲ್ಲ ಅನ್ಸುತ್ತೆ."

"ಕಳೆದುಬಿಟ್ರಾ?"

ಅವರ ಮುಖದಲ್ಲಿ ನಿಜವಾಗಿಯೂ ಗಾಬರಿಯಿತ್ತು. ಅಷ್ಟು ವರ್ಷ ಜೊತೆಗಿದ್ದದ್ದು. ಡಾಕ್ಟರ್ ಜೋರಾಗಿ ನಕ್ಕರು. ನಾನು ನಗಲಿಲ್ಲ. ಇನ್ನೊಮ್ಮೆ ಬೆರಳು ಚುಚ್ಚಿ ಎಂದೆ. ಮದ್ದಿನ ಮನೆಗೆ ಹೋಗಿ ಎರಡು ಗಾಜಿನ ಪಟ್ಟಿಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆ. ಮಧ್ಯಾಹ್ನದ್ದರಲ್ಲಿ ಹರಳಿನ ಉಂಗುರಗಳು. ಸಂಜೆಯದರಲ್ಲಿ ಬರೀ ಕೆಂಪು ಕಣಗಳು, ತೊಳೆದಿಟ್ಟ ತಟ್ಟೆಗಳ ಹಾಗೆ. ಡಾಕ್ಟರನ್ನೂ ಕರೆದು ತೋರಿಸಿದೆ. ಅವರು ಆಗಲೇ ಅಧ್ಯಕ್ಷರ ಮನೆಗೆ ಹೊರಟು ನಿಂತಿದ್ದರು.

"ಒಬ್ಬಳದ್ದು ಸಾಲದು ಸಾರ್" ಎಂದೆ.

"ಸಾಲದು. ಆದರೆ ಗೋಡೆ ಕೆಲಸ ನಿಲ್ಲಿಸೋಕೆ ಸಾಕು."

ಕೆಲಸ ನಿಂತಿತು. ಅಧ್ಯಕ್ಷರು ಗೊಣಗಿದರು. ತಿಪ್ಪಣ್ಣ ತಾವೇ ಬಂದು ಕಿತ್ತ ಗಿಡಗಳಲ್ಲಿ ಜೀವವಿದ್ದವನ್ನು ಆರಿಸಿ ಮತ್ತೆ ಸಂದುಗಳಲ್ಲಿ ನೆಟ್ಟರು, ಸಡಿಲ ಕಲ್ಲುಗಳಿಗೆ ಮಾತ್ರ ಗಾರೆ ಹಾಕಿದರು. ಜನರ ಮೇಲಿನ ಪರೀಕ್ಷೆಯನ್ನು ಹೊಸದಾಗಿ ಹೇಗೆ ಮಾಡುವುದು ಎಂಬುದು ಉಳಿಯಿತು. ಹೊರಬೇಡಿ ಎಂದರೆ ಕೇಳುವವರಿಲ್ಲ. ಒಂದು ಬೀದಿಗೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ, ಈ ಬೀದಿಯವರು ಹೋಗಿ ಆ ಬೀದಿಯವರದ್ದನ್ನು ಹೊತ್ತುಕೊಂಡು ಬರುತ್ತಾರೆ. ಡಾಕ್ಟರ್ ಹಲವು ಉಪಾಯ ಹೇಳಿದರು. ಯಾವುದನ್ನು ಹೇಳಿದರೂ ಚೆನ್ನಕ್ಕ ಅದನ್ನು ಹೇಗೆ ಕೆಡಿಸುತ್ತಾಳೆಂದು ನಾನು ಹೇಳಿದೆ. ಕೊನೆಗೆ ಮಾಳಿಗೆಯ ಮೇಲೆ ಬೇರು ಒಣಹಾಕುತ್ತಿದ್ದಾಗ, ಕೆಳಗಿನ ಬೀದಿಗಳಲ್ಲಿ ನೇತಾಡುತ್ತಿದ್ದ ಕಂಬಳಿಗಳನ್ನು ನೋಡುತ್ತ ನನಗೆ ಹೊಳೆಯಿತು. ಯಾರ ಜ್ವರ ಯಾರ ಮೈಯಲ್ಲಿದ್ದರೇನು? ಕೈ ಬದಲಾಯಿಸಿದರೆ ಜ್ವರ ಜಾಗ ಬದಲಾಯಿಸುತ್ತದೆ, ಕಡಿಮೆಯಾಗುವುದಿಲ್ಲ. ಊರನ್ನೇ ಒಂದು ತಟ್ಟೆ ಎಂದುಕೊಂಡರೆ, ಆ ತಟ್ಟೆಗೂ ಕೈಯಿಲ್ಲ. ಪಕ್ಕದ ಊರಲ್ಲಿ ಈ ರೀತಿ ಇಲ್ಲ, ಅವರಿಗೆ ಕೊಡಲು ಬರುವುದಿಲ್ಲ.

ಊರಿನ ಒಟ್ಟು ಕಂಬಳಿ ಎಣಿಸಿದರೆ ಸಾಕು ಎಂದು ಹಿಂಜರಿಯುತ್ತಲೇ ಹೇಳಿದೆ. ಡಾಕ್ಟರ್ ಬಗ್ಗಿ ಕೆಳಗಿನ ಬೀದಿಯ ಕಂಬಳಿ ಎಣಿಸತೊಡಗಿದರು. "ಇದು ಯಾವ ಕಾಲೇಜಿನಲ್ಲಿ ಹೇಳಿಕೊಟ್ರು ನೀಲಮ್ಮ?"

"ಎಲ್ಲೂ ಇಲ್ಲ ಸಾರ್. ಅದಕ್ಕೇ ಸರಿಯೋ ತಪ್ಪೋ ಅಂತ."

ಹಾಗೆಯೇ ಮಾಡಿದೆವು. ಮದ್ದು ಕುಡಿದವರು ಯಾರದ್ದನ್ನು ಬೇಕಾದರೂ ಹೊರಲಿ ಎಂದು ಬಿಟ್ಟೆವು. ಚೆನ್ನಕ್ಕನಿಗೆ ಬಹಳ ಖುಷಿಯಾಯಿತು. ಪ್ರತಿ ಚಳಿ ದಿನ ಮಧ್ಯಾಹ್ನ ನಾವಿಬ್ಬರೂ ಮಾಳಿಗೆ ಹತ್ತಿ ಕಂಬಳಿ ನೋಡುತ್ತಿದ್ದೆವು. ಮೊದಲು ಬೀದಿ ತುಂಬ ಕಪ್ಪಾಗಿತ್ತು. ಆಮೇಲೆ ಮನೆಗೋಡೆಗಳ ಸುಣ್ಣ ಕಾಣತೊಡಗಿತು. ಬಿಸಿಲು ಹೆಚ್ಚಾಗಿದೆ ಎಂದು ಜನ ಕಂಬಳಿ ಹಾಕುತ್ತಿಲ್ಲವೇನೋ ಎಂದು ನನಗೆ ಅನುಮಾನ ಬಂತು. ಮನೆಮನೆಗೆ ಹೋಗಿ ಬೆರಳು ಚುಚ್ಚಿ ಬಂದೆ. "ವಾಸಿಯಾದರೂ ಬಿಡಲ್ಲವಲ್ಲ ಇವಳು" ಎಂದು ಬಳೆ ಅಂಗಡಿಯವಳು ಬೈದಳು. ಗಾಜಿನ ಪಟ್ಟಿಗಳು ಶುಚಿಯಾಗಿದ್ದವು.

ಬೇರು ನಿಧಾನವಾಗಿ ಬೆಳೆಯುತ್ತದೆ. ಸರದಿಯ ಮೇಲೆ ಕೊಡಬೇಕಾಯಿತು. ಮದ್ದಿನ ಮನೆಯವಳು ತನ್ನ ಮನೆಗೆ ಮೊದಲು ತೆಗೆದುಕೊಂಡಳು ಎಂದಾಗಬಾರದು ಎಂದು ನಮ್ಮ ಮನೆಯನ್ನು ಸರದಿಯ ಕೊನೆಗೆ ಹಾಕಿದ್ದೆ. ಗಂಡನಿಗೆ ಇದನ್ನು ಹೇಳಿದಾಗ, "ನೀನು ಹಾಗೇ ಮಾಡ್ತೀಯ ಅಂತ ಪೇಟೆಗೆಲ್ಲ ಗೊತ್ತು" ಎಂದರು. ಸರದಿ ಬರುವವರೆಗೆ, 'ಇನ್ನು ಕೊಡಲ್ಲ, ನನ್ನದನ್ನು ನಾನೇ ಹೊರುತ್ತೇನೆ' ಎಂದೆ. "ನಡುಗೋ ಕೈಲಿ ಊರಿನ ಬೆರಳು ಚುಚ್ಚಿದ್ರೆ ಜನ ನನ್ನನ್ನು ಬೈತಾರೆ" ಎಂದು ಅವರೇ ಮಣಿಕಟ್ಟು ಎಳೆದುಕೊಂಡರು. ಆದರೆ ಭಾನುವಾರದ ಚಳಿ ದಿನ ಬಂದರೆ ನಾನು ಬಿಡುತ್ತಿರಲಿಲ್ಲ. ನನ್ನದರ ಜೊತೆ ಅವರದ್ದನ್ನೂ ಹೊತ್ತು ಹೊಸ ಹಾಸಿಗೆಯ ಮೇಲೆ ಮಲಗುತ್ತಿದ್ದೆ. ಅವರ ಚಳಿ ಬೆನ್ನಿನಿಂದ ಹತ್ತುತ್ತದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದು ಗೊತ್ತಾಯಿತು.

ಕೊನೆಗೆ ನಮ್ಮ ಸರದಿಯೂ ಬಂತು. ಇಬ್ಬರೂ ಕುಡಿದೆವು. ಅವರು ಸೊಟ್ಟ ಮುಖ ಮಾಡಿ, ಹಾಗಲಕಾಯಿಯದೇ ವಾಸಿ ಎಂದರು. ಅದಾದ ಮೇಲಿನ ಚಳಿ ದಿನ ಬೆಳಿಗ್ಗೆ ನಾನು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಒಲೆಯನ್ನು ಎರಡು ಸಲ ನೋಡಿ, ಯೋಚಿಸದೆಯೇ ಅವರ ಮುಂದೆ ಕೈ ಚಾಚಿದೆ. ಅವರೂ ಯೋಚಿಸದೆಯೇ ಮಣಿಕಟ್ಟು ಹಿಡಿದರು.

"ಹೊರ್ತೀರಾ?" ಎಂದೆ.

"ಹೊರ್ತೀನಿ" ಎಂದರು. ಸ್ವಲ್ಪ ಹೊತ್ತು ಹಾಗೆಯೇ ನಿಂತೆವು. ಅವರ ಹಲ್ಲು ಕಟಕಟ ಎನ್ನಲಿಲ್ಲ. ನನ್ನ ಬೆರಳ ತುದಿ ಬೆಚ್ಚಗಿತ್ತು.

"ಬಂತಾ?"

"ಇಲ್ಲ. ನಿನ್ನ ಹತ್ತಿರ ಇದೆಯಾ?"

"ಇಲ್ಲ ಅನ್ಸುತ್ತೆ."

ಹೊರಗೆ ಬೀದಿಯಲ್ಲಿ ಮೀರಾಸಾಬರ ಸೈಕಲ್ ಗಂಟೆ ಕೇಳಿಸಿತು. ನಾನು ಕೆಲಸಕ್ಕೆ ಹೊರಡಬೇಕಿತ್ತು. ಅವರು ಅಂಗಡಿ ತೆರೆಯಬೇಕಿತ್ತು.

"ಹಾಗಾದ್ರೆ ಬಿಡಲಾ ಕೈ?" ಎಂದು ಕೇಳಿದರು.

"ಇರಿ" ಎಂದೆ. "ಇನ್ನೊಂದು ಸಲ ನೋಡೋಣ."